ಎಡಗೈ ಮಾವನ ಸ್ಟೀಲು ಗಿಟಾರು

ನಮ್ಮ ಸೋದರಮಾವನನ್ನು ದೇವರು ಕನ್ನಡಿ ನೋಡಿಕೊಂಡು ಮಾಡಿರಬೇಕು ಎಂಬುದು ನನ್ನ ಬಹಳ ದಿನದ ಅನುಮಾನ. ಇಲ್ಲದಿದ್ದರೆ ಒಬ್ಬನೇ ಮನುಷ್ಯನಲ್ಲಿ ಇಷ್ಟೊಂದು ಉಲ್ಟಾ ಹೇಗೆ ಸೇರಿಕೊಂಡಿತು ಹೇಳಿ! ಉಣ್ಣುವುದು ಎಡಗೈಯಲ್ಲಿ, ಗಡ್ಡ ಹೆರೆಯುವುದು ಎಡಗೈಯಲ್ಲಿ, ಕೋಪ ಬಂದರೆ ಎತ್ತುವುದೂ ಎಡಗೈಯನ್ನೇ. ಊರಿನವರೆಲ್ಲ ಪಂಚೆಯನ್ನು ಒಂದು ಕಡೆಗೆ ಸುತ್ತಿದರೆ ಇವನು ಇನ್ನೊಂದು ಕಡೆಗೆ. ಬೋರಿನ ವಾಲ್ವು ಬಿಗಿ ಮಾಡು ಎಂದರೆ ಪೂರ್ತಿ ಬಿಚ್ಚಿ ಕೈಗೆ ಕೊಟ್ಟು, "ನಿಮ್ಮ ವಾಲ್ವೇ ಸರಿಯಿಲ್ಲ" ಎನ್ನುತ್ತಾನೆ.

ದೊಡ್ಡಗಾಜನೂರಿನ ಆಚೆ, ಕಾಡಿಗೆ ಅಂಟಿಕೊಂಡ ಹೊಲದ ತುದಿಯಲ್ಲಿ ಅವನ ಮನೆ. ಒಬ್ಬನೇ ಇದ್ದಾನೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಅದಕ್ಕೂ ಎಡಗೈಯನ್ನೇ ಮುಂದೆ ಮಾಡುತ್ತಾನೆ. "ತಾಳಿ ಕಟ್ಟೋದು ಯಾವ ಕೈಲಿ ಅಂತ ದೊಡ್ಡೋರು ತೀರ್ಮಾನ ಮಾಡೋ ಒತ್ಗ ಎಣ್ಣು ಬ್ಯಾರೆ ಮನ ಸೇರ್ಕಂಡ್ಲು ಕಣವ್ವ!"

ಅವನ ಕುಡುಗೋಲಿನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಗಡಿಯ ಕುಡುಗೋಲುಗಳೆಲ್ಲ ಬಲಗೈಯವರಿಗೆಂದೇ ಮಾಡಿದವು. ಅದರಿಂದ ರಾಗಿ ಕೊಯ್ದರೆ ರಾಗಿಗಿಂತ ಹೆಚ್ಚಾಗಿ ತನ್ನ ಬೆರಳೇ ಕೊಯ್ಲಾಗುತ್ತದೆ ಎಂದು ಕುಲುಮೆಗೆ ಹೋಗಿ ಕೂತು, ಹಲ್ಲನ್ನು ತಿರುಗಾಮುರುಗಾ ಹಾಕಿಸಿ, ಒಂದು ಎಡಗೈ ಕುಡುಗೋಲು ಮಾಡಿಸಿಕೊಂಡ. ಒಂದು ಕೊಯ್ಲಿನಲ್ಲಿ ಅದು ಕಳುವಾಯಿತು. ಎರಡು ದಿನ ಕಳೆದ ಮೇಲೆ ಬೆಳಗ್ಗೆ ಎದ್ದು ನೋಡಿದರೆ ಜಗಲಿಯ ಮೇಲಿದೆ! ಕದ್ದವನು ಯಾರೋ, ಪಾಪ, ಎಷ್ಟು ಬೆರಳು ಕಳೆದುಕೊಂಡನೋ. ಮಾವ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗಿದ. "ನನ್ ಸಾಮಾನ ಯಾರೂ ಕದಿಯಾಕಿಲ್ಲ ಕಣ್ರಲಾ. ಕದ್ರೂ ದಕ್ಕಾಕಿಲ್ಲ!"

ಅವನ ಎಡಗೈಗೆ ಮರ್ಯಾದೆ ಸಿಗುವುದು ವರ್ಷದಲ್ಲಿ ಒಂದೇ ದಿನ. ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಉಂಡೆ ಎಸೆದಾಡುವ ಹಬ್ಬ ಬರುತ್ತದಲ್ಲ, ಆವತ್ತು ಅವನನ್ನು ತಮ್ಮ ಕಡೆಗೆ ಸೇರಿಸಿಕೊಳ್ಳಲು ಜಗಳವೇ ನಡೆಯುತ್ತದೆ. ಬಲಗೈ ನೋಡಿಕೊಂಡು ಬಗ್ಗಿದವನ ಕೆನ್ನೆಗೆ ಎಡಗಡೆಯಿಂದ ಉಂಡೆ ಬಂದು ಬಿದ್ದರೆ ಅವನಾದರೂ ಏನು ಮಾಡಿಯಾನು? ಉಳಿದ ದಿನಗಳಲ್ಲಿ ಮಾತ್ರ ಆ ಕೈ ಯಾರಿಗೂ ಬೇಡ. ಮದುವೆ ಮನೆಯಲ್ಲಿ ಬಡಿಸಲು ಅವನನ್ನು ಯಾರೂ ಕರೆಯುವುದಿಲ್ಲ. ಮೊದಲ ಬಿತ್ತನೆಗೆ ಬೀಜ ಮುಟ್ಟಿಸುವುದಿಲ್ಲ. ಪಕ್ಕದವನ ಮೊಣಕೈಗೆ ತಾಗದಿರಲಿ ಎಂದು ಪಂಕ್ತಿಯಲ್ಲಿ ಎಡಗಡೆಯ ಕೊನೆಯ ಎಲೆ ಅವನದೇ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಲಗೈಯವರ ಊರು! ಹಾಗೆ ಗೋಡೆಯ ಜೊತೆ ಕೂತು ಉಂಡು ಉಂಡು ಅವನಿಗೆ ಅಭ್ಯಾಸವಾಗಿದೆ.

ಚಿಕ್ಕವನಿದ್ದಾಗ ನಮ್ಮ ತಾತ ಅವನ ಎಡಗೈಯನ್ನು ಬಟ್ಟೆಯ ಪಟ್ಟಿಯಿಂದ ಬೆನ್ನಿಗೆ ಕಟ್ಟಿ ಉಣ್ಣಲು ಕೂರಿಸುತ್ತಿದ್ದನಂತೆ. ಬಲಗೈ ಅಭ್ಯಾಸವಾಗಲಿ ಎಂದು. ಆದರೆ ಅದೇನು ಮಾಯವೋ, ಮುದ್ದೆ ಮುಗಿಯುವ ಹೊತ್ತಿಗೆ ಗಂಟು ಬಿಚ್ಚಿರುತ್ತಿತ್ತಂತೆ! ನಮ್ಮ ಅವ್ವ, ಅಂದರೆ ಅವನ ಒಬ್ಬಳೇ ಅಕ್ಕ, ಈ ಕಥೆ ಹೇಳಿದಾಗಲೆಲ್ಲ ಬಿದ್ದು ಬಿದ್ದು ನಗುತ್ತಿದ್ದಳು. "ಅದ್ಕದೇ ಬಿಚ್ಕಳ್ಳೋದು ಕಣವ್ವ. ನಿಮ್ ಮಾವನ ಕೈಲಿ ಗಂಟು ನಿಲ್ಲಾಕಿಲ್ಲ!"

ಅವ್ವನ ಮನೆಗೂ ಮಾವನ ಮನೆಗೂ ನಡುವೆ ಒಂದು ಹೊಲ. ಒಂದೇ ಒಂದು. ಮಧ್ಯಾಹ್ನ ಅಡುಗೆ ಆದ ಕೂಡಲೇ ಅವ್ವ ಸ್ಟೀಲಿನ ಕೊಳಗವನ್ನು ಹಿಂಬಾಗಿಲಿಗೆ ತಂದು, ಬೋರಲು ಹಿಡಿದು, ಉದ್ದ ಹಿಡಿಯ ಸೌಟಿನಿಂದ ಬಾರಿಸುತ್ತಿದ್ದಳು. ಅದು ತಮ್ಮನಿಗೆ ಊಟದ ಕರೆ. ನಮ್ಮ ಕಡೆ ತಗಡು ಬಡಿಯುವುದು ಆನೆ ಓಡಿಸುವುದಕ್ಕೆ. ಅದಕ್ಕೇ ಅಕ್ಕಪಕ್ಕದವರು ನಗುತ್ತಿದ್ದರು. "ಎಲ್ಲಾರ ಮನ ಸದ್ದಿಗ ಆನ ಓಡೋಯ್ತದ, ನಿಮ್ಮನ ಸದ್ದಿಗ ಆನ ಓಡ್ಬತ್ತದ!" ಮಾವ ಬರುತ್ತಿದ್ದುದೂ ಹಾಗೇ. ಬದುವಿನ ಮೇಲೆ ದಪದಪ ಎಂದು ಬಂದು, ಕೈಕಾಲು ತೊಳೆಯುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಏನ್ ಸಾರಕ್ಕ?"

ಆ ಕೊಳಗ ಅವನೇ ಕೊಟ್ಟದ್ದು. ಅವ್ವನ ಮದುವೆಗೆ ಕೊಟ್ಟ ಉಡುಗೊರೆ. ನಮ್ಮಲ್ಲಿ ಮದುವೆಗೆ ಪಾತ್ರೆ ಕೊಟ್ಟರೆ ಕೊಟ್ಟವರ ಹೆಸರನ್ನು ಅಂಗಡಿಯಲ್ಲಿ ಅದರ ಮೈಮೇಲೆ ಕೊರೆಸಿಯೇ ಕೊಡಬೇಕು. ನಾಳೆ ಅವರ ಮನೆಯ ಮದುವೆಗೆ ಮುಯ್ಯಿ ತೀರಿಸುವಾಗ ನೆನಪಿರಲಿ ಎಂದು. ಮಾವ ಕರೆದ ಮದುವೆಗೆಲ್ಲ ಹೋಗುವವನು. ಬರಿಗೈಲಿ ಹೋಗುವವನಲ್ಲ. ಎಡಗೈಲಿ ಕೊಟ್ಟರೆ ತಪ್ಪು ತಿಳಿದಾರು ಎಂದು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದ. ಹೀಗಾಗಿ ಸುತ್ತಿನ ಊರುಗಳ ಅಡುಗೆಮನೆಯಲ್ಲೆಲ್ಲ ಅವನ ಹೆಸರಿನ ಬಿಂದಿಗೆ, ತಪ್ಪಲೆ, ಹರಿವಾಣ ಕೂತಿವೆ. ಅವನ ಮನೆಯಲ್ಲಿ ಮಾತ್ರ ಯಾರ ಹೆಸರಿನ ಒಂದು ಲೋಟವೂ ಇಲ್ಲ. ಮದುವೆಯೇ ಆಗದವನಿಗೆ ಮುಯ್ಯಿ ತೀರಿಸುವುದು ಹೇಗೆ, ಯಾವತ್ತು?

ಇನ್ನು ಸಂಗೀತಕ್ಕೆ ಬರೋಣ. ಮೊದಲು ಭಜನೆ ಮನೆಯಲ್ಲಿ ಹಾರ್ಮೋನಿಯಂ ಮುಟ್ಟಿದ. ಎಡಗೈಗೆ ಅನುಕೂಲವಾಗಲಿ ಎಂದು ಪೆಟ್ಟಿಗೆಯನ್ನೇ ತಿರುಗಿಸಿಟ್ಟುಕೊಂಡ. ತಿದಿ ತನ್ನ ಕಡೆಗೆ, ಸ್ವರದ ಮನೆಗಳು ದೇವರ ಕಡೆಗೆ! ಭಜನೆಯ ಹಿರಿಯರು ಹಾಡು ನಿಲ್ಲಿಸಿ, "ಏನ್ಲಾ, ನುಡ್ಸೋದು ನೀನಾ, ದೇವ್ರಾ?" ಎಂದರು. ಅಲ್ಲಿಗೆ ಭಜನೆ ಮುಗಿಯಿತು. ಆಮೇಲೆ ಸತ್ಯಮಂಗಲದಲ್ಲಿ ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಹಳೆಯ ಮರದ ಗಿಟಾರು ತಂದ. ಬಲಗೈಯವರ ಗಿಟಾರು ಅದು. ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದ. ಮೇಲಿರಬೇಕಾದ ದಪ್ಪ ತಂತಿ ಕೆಳಗೆ, ಕೆಳಗಿರಬೇಕಾದ ಸಣ್ಣದು ಮೇಲೆ. ಸಂಜೆ ಜಗಲಿಯ ಮೇಲೆ ಕೂತು ಅವನು ನುಡಿಸುವುದು, ಹೊಲದ ಈಚೆ ನಮ್ಮ ಹಿತ್ತಲಲ್ಲಿ ಅವ್ವ ಅವರೆಕಾಯಿ ಸುಲಿಯುತ್ತ ಕೇಳುವುದು. ಅವನ ಕಛೇರಿಗೆ ಸಭೆ ಎಂದರೆ ಅವ್ವ ಒಬ್ಬಳೇ. ಒಂದು ಗಂಟೆ ನುಡಿಸಿ, "ಎಂಗಿತ್ತಕ್ಕ?" ಎಂದು ಕೂಗಿದರೆ ಅವ್ವ ಕೂಗುತ್ತಿದ್ದಳು. "ಚೆನ್ನಾಗದ ಕಣ್ಲಾ. ಯಾವಾಗ ಸುರು ಮಾಡ್ತೀಯ?"

ಅವ್ವ ಹೋಗಿ ಎರಡು ಮಳೆಗಾಲ ಕಳೆಯಿತು.

ನಾನು ತಾಳವಾಡಿಯ ಶಾಲೆಯಲ್ಲಿ ಕನ್ನಡ ಹೇಳಿಕೊಡುವವಳು. ಗಂಡ ತೀರಿಕೊಂಡ ಮೇಲೆ ಅವ್ವನ ಮನೆಗೇ ಬಂದು ಇದ್ದವಳು. ಈಗ ಆ ಮನೆಯಲ್ಲಿ ನಾನೊಬ್ಬಳೇ, ಹೊಲದ ಆಚೆ ಅವನೊಬ್ಬನೇ. ಕೊಳಗ ಕಣ್ಣಿಗೆ ಬಿದ್ದರೆ ಸಂಕಟವಾಗುತ್ತದೆ ಎಂದು ಅಟ್ಟಕ್ಕೆ ಏರಿಸಿಬಿಟ್ಟೆ. ಊಟಕ್ಕೆ ಬಾ ಮಾವ ಎಂದು ಫೋನು ಮಾಡಿದರೆ, "ಉಂಡೆ ಕಣವ್ವ" ಎನ್ನುತ್ತಾನೆ. ಯಾವಾಗ ಕೇಳಿದರೂ ಉಂಡೆ! ಬೆಳಗ್ಗೆ ಎಂಟಕ್ಕೆ ಕೇಳಿದರೂ ಮಧ್ಯಾಹ್ನದ ಊಟ ಆಗಿರುತ್ತದೆ! ಒಮ್ಮೆ ರೇಗಿ, "ನೀನು ಬರದೇ ಇರೋಕೆ ನಾನೇನು ಮಾಡಿದ್ದೀನಿ?" ಎಂದೆ. "ನೀ ಏನ್ ಮಾಡಿಯೆ ಕೂಸೇ. ಕರೀದೆ ಎಂಗ್ ಬರಾದು?" ಎಂದ. ಕರೆದದ್ದು ಮತ್ತೆ ಏನು ನಾನು? ಫೋನು ಇಟ್ಟು ಒಬ್ಬಳೇ ಕೂತು ಉಂಡೆ. ಒಬ್ಬಳಿಗೆ ಅಡುಗೆ ಮಾಡುವ ಅಳತೆ ನನಗಿನ್ನೂ ಕೈಗೆ ಬಂದಿಲ್ಲ, ದಿನವೂ ಸಾರು ಮಿಗುತ್ತದೆ.

ಗಿಟಾರನ್ನು ಅವನು ಅವ್ವ ಹೋದ ದಿನ ಗೂಟಕ್ಕೆ ನೇತುಹಾಕಿದವನು ಇಳಿಸಿಯೇ ಇರಲಿಲ್ಲ. ಕಳೆದ ಮಳೆಗಾಲದ ಕೊನೆಗೆ ಏನು ನೆನಪಾಯಿತೋ ಇಳಿಸಿ ಮೀಟಿದರೆ ರಾಗದ ಬದಲು ಮಣ್ಣು ಉದುರಿತು. ಗೆದ್ದಲು ಒಳಗಿನಿಂದ ತಿಂದು ಹಾಕಿತ್ತು. ಹೊರಗಿನ ಬಣ್ಣ ಮಾತ್ರ ಗಿಟಾರಿನ ಆಕಾರದಲ್ಲಿ ನಿಂತಿತ್ತಷ್ಟೇ.

ಅದರ ಮುಂದಿನ ಭಾನುವಾರ ಫೋನು ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದ. "ಕೂಸೇ, ಇದ ನೋಡು." ಅದರಲ್ಲಿ ಯಾವುದೋ ದೇಶದ ಮುದುಕರೊಬ್ಬರು ಒಂದು ಥಳಥಳಿಸುವ ಗಿಟಾರು ನುಡಿಸುತ್ತಿದ್ದರು. ಮೈಯೆಲ್ಲ ಸ್ಟೀಲು. ನಮ್ಮ ಡೈರಿಯ ಹಾಲಿನ ಕ್ಯಾನಿಗೆ ಕತ್ತು ಮೂಡಿದ ಹಾಗಿತ್ತು. ರೆಸೊನೇಟರ್ ಗಿಟಾರ್ ಎಂದು ಹೆಸರು. ಅದರ ಹೊಟ್ಟೆಯಲ್ಲಿ ತೆಳುವಾದ ಲೋಹದ ಬಟ್ಟಲೊಂದು ಇರುತ್ತದಂತೆ, ತಂತಿಯ ನಡುಕ ಅದಕ್ಕೆ ತಾಗಿ ಸದ್ದು ದೊಡ್ಡದಾಗುತ್ತದಂತೆ. ಮೈಕು ಇಲ್ಲದ ಕಾಲದಲ್ಲಿ ದೂರದವರಿಗೂ ಕೇಳಲಿ ಎಂದು ಮಾಡಿದ್ದಂತೆ. ಓದಿ ಹೇಳಿದೆ.

"ಗೆದ್ಲು ಇಡಿಯಾಕಿಲ್ಲ," ಎಂದ ಮಾವ. "ಆನ ತುಳುದ್ರೂ ಸೊಟ್ಟಗಾದದು, ಮುರಿಯಾಕಿಲ್ಲ. ಎಷ್ಟ್ ದೂರಕ್ಕ ಕೇಳ್ತದ ಅಂತ ಬರ್ದದ?"

"ನಿನಗೆ ಎಷ್ಟು ದೂರಕ್ಕೆ ಕೇಳಬೇಕು ಮಾವ?"

ಅವನು ನಮ್ಮ ಹಿತ್ತಲ ಬಾಗಿಲ ಕಡೆ ನೋಡಿ, "ಒಂದ್ ಒಲದಷ್ಟು ಕೇಳುದ್ರ ಸಾಕು ಕಣವ್ವ," ಎಂದ. ನಾನು ನಕ್ಕೆ. ಆಗ ನನಗೆ ಅದು ತಮಾಷೆಯಾಗಿಯೇ ಕೇಳಿಸಿತು.

ಗಿಟಾರು ಆರಿಸುವುದು ಎಂದರೆ ನೀವು ಅಂಗಡಿಗೆ ಹೋಗುತ್ತೀರಿ. ನಮ್ಮ ಮಾವ ಅಡುಗೆಮನೆಗೆ ಹೋದ! ಸ್ಟೀಲು ಎಂದ ಮೇಲೆ ಸ್ಟೀಲಿನ ಸದ್ದು ಗೊತ್ತಿರಬೇಡವೇ ಎಂಬುದು ಅವನ ವಾದ. ನಮ್ಮ ಮನೆಯ ಲೋಟದಿಂದ ಶುರುಮಾಡಿ, ತಪ್ಪಲೆ, ಬಿಂದಿಗೆ, ಇಡ್ಲಿ ಪಾತ್ರೆ, ಕೊನೆಗೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದ ಪಾತ್ರೆಯನ್ನೂ ಬಿಡದೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ, "ಊಹೂಂ" ಎಂದ. ಅಟ್ಟದ ಕಡೆ ಒಮ್ಮೆ ತಲೆ ಎತ್ತಿ ನೋಡಿದ. ಏನೂ ಕೇಳದೆ ಹೊರಟುಹೋದ.

ಆಮೇಲೆ ಊರು ಹೊಕ್ಕ. ಮನೆಮನೆಗೂ ಹೋಗಿ ಪಾತ್ರೆ ತಟ್ಟುವುದು! ಹೆಂಗಸರು ಹೆದರಿದರು, ಮಕ್ಕಳು ಹಿಂದೆ ಬಿದ್ದವು. ಒಂದು ಮನೆಯಲ್ಲಿ ಬಿಂದಿಗೆಯೊಂದು ಒಳ್ಳೆಯ ಸದ್ದು ಕೊಟ್ಟಿತಂತೆ. ಮುಖ ಅರಳಿಸಿಕೊಂಡು, "ಇದು ಯಾರ್ ಕೊಟ್ಟಿದ್ದವ್ವ, ಒಳ್ಳೆ ತಗಡು?" ಎಂದು ಕೇಳಿದ. ಮನೆಯಾಕೆ ತಿರುಗಿಸಿ ಹೆಸರು ತೋರಿಸಿದಳು. "ನಿಂದೇ ಕಣಪ್ಪೋ! ನಮ್ಮತ್ತ ಮದುವೇಲಿ ಕೊಟ್ಟಿದ್ದಲ್ಲ!" ಪಕ್ಕದ ಮನೆಯ ತಪ್ಪಲೆಯೂ ಅವನದೇ, ಅದರ ಆಚೆ ಮನೆಯ ಹರಿವಾಣವೂ ಅವನದೇ. ಸಂಜೆ ನಮ್ಮ ಹಿತ್ತಲಿಗೆ ಬಂದು ಕೂತು, "ಎಲ್ಲಿ ತಟ್ಟುದ್ರೂ ನಾನೇ ಕೇಳುಸ್ತೀನಿ ಕಣವ್ವ. ಬ್ಯಾರೆಯೋರು ಒಬ್ರೂ ಕೇಳುಸ್ನಿಲ್ಲ," ಎಂದ. ಹೇಳಿ ಅವನೇ ನಕ್ಕ. ನನಗೆ ನಗು ಬರಲಿಲ್ಲ.

ತಾಳವಾಡಿಯ ಪಾತ್ರೆ ಅಂಗಡಿಯನ್ನೂ ಬಿಡಲಿಲ್ಲ. ಅಂಗಡಿಯವರು ತಮಿಳಿನವರು, ನಲವತ್ತು ವರ್ಷ ಇಲ್ಲಿದ್ದು ಕನ್ನಡವನ್ನೂ ತಮಿಳಿನ ಒಗ್ಗರಣೆ ಹಾಕಿ ಆಡುವವರು. ಮಾವನ ಉಡುಗೊರೆಗಳ ಮೇಲೆಲ್ಲ ಹೆಸರು ಕೊರೆದವರೂ ಅವರೇ. ಇವನು ಸಾಲಾಗಿ ಅಂಡೆಗಳನ್ನು ತಟ್ಟುತ್ತ ಹೋದಾಗ ಸ್ವಲ್ಪ ಹೊತ್ತು ಸಹಿಸಿ, "ಅಣ್ಣೇ, ವಾಂಗುರೀಂಗಳಾ ಇಲ್ಲ ಪೂಜೆ ಪಣ್ಣುರೀಂಗಳಾ?" ಎಂದು ಕೈಮುಗಿದರು. ಕೊಳ್ಳುತ್ತೀರಾ, ಇಲ್ಲ ಗಂಟೆ ಬಾರಿಸಿ ಪೂಜೆ ಮಾಡುತ್ತೀರಾ ಎಂದು!

ಕೊನೆಗೆ ಕೊಯಮತ್ತೂರಿಗೆ ಹೋಗುವುದೇ ಸರಿ ಎಂದಾಯಿತು. ಜೊತೆಗೆ ನಾನು. ಹಾಸನೂರು ದಾಟಿ ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ಹೊರಳುವಾಗಲೆಲ್ಲ ಬಸ್ಸಿನ ಜನ ಒಂದು ಕಡೆಗೆ ವಾಲಿದರೆ ಮಾವ ಇನ್ನೊಂದು ಕಡೆಗೆ ವಾಲುತ್ತಿದ್ದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ.

ವಾದ್ಯದ ಅಂಗಡಿ ಎಂದರೆ ತಣ್ಣನೆಯ ಗಾಜಿನ ಅರಮನೆ. ಗೋಡೆ ತುಂಬ ಗಿಟಾರುಗಳು. ಎಲ್ಲವೂ ಬಲಗೈಯವು. ಸ್ಟೀಲಿನದೂ ಒಂದಿತ್ತು, ಅದೂ ಬಲಗೈಯದೇ. ಅಂಗಡಿಯ ಹುಡುಗ, ಕಿವಿಯಲ್ಲಿ ಓಲೆ, ಮಾತಿನಲ್ಲಿ ಜೇನು. "ಲೆಫ್ಟ್ ಹ್ಯಾಂಡ್ ಸ್ಟಾಕ್ ಇಲ್ಲೀಂಗಣ್ಣಾ." ತಂತಿಗಳನ್ನು ಬಿಚ್ಚಿ ಹಿಂದುಮುಂದಾಗಿ ಹಾಕಿಕೊಡುತ್ತೇನೆ ಎಂದ. ಹಾಗೆ ಮಾಡಿದರೆ ತಂತಿ ಕೂರುವ ಕಚ್ಚುಗಳೂ ಬದಲಾಗಬೇಕು, ಸಣ್ಣ ತಂತಿಯ ಕಚ್ಚಿನಲ್ಲಿ ದಪ್ಪ ತಂತಿ ಕೂರುತ್ತದಾ ಎಂದು ಮಾವ ಕೇಳಿದ. ಇಷ್ಟು ವರ್ಷ ತಲೆಕೆಳಗು ನುಡಿಸಿದವನಿಗೆ ಗೊತ್ತಿಲ್ಲವೇ! ಕರೆಂಟಿನ ಗಿಟಾರು ನೋಡಿ ಎಂದರೆ, "ನಮ್ಮೂರ್ಗ ಬಂದು ಕರೆಂಟ್ ನೋಡು" ಎಂದ. ಹುಡುಗ ಕೊನೆಯ ಬಾಣ ಬಿಟ್ಟ. ಎಡಗೈಯವರು ಎಷ್ಟೋ ಜನ ಬಲಗೈಯಲ್ಲೇ ಕಲಿಯುತ್ತಾರೆ. "ಒರು ಮಾಸತ್ತಿಲ ಪಳಗಿಡುಂಗಣ್ಣಾ." ಒಂದೇ ತಿಂಗಳಲ್ಲಿ ಅಭ್ಯಾಸವಾಗಿಬಿಡುತ್ತದೆ.

ಮಾವ ಹೊರಗೆ ನಡೆದುಬಿಟ್ಟ.

ಹೋಗಿ ನೋಡಿದರೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಾನೆ. ನಾನು ಕಟ್ಟಿಕೊಂಡು ಬಂದಿದ್ದ ಮೊಸರನ್ನದ ಡಬ್ಬಿ ಬಿಚ್ಚಿ ಕೊಟ್ಟೆ. ಅಷ್ಟು ದೊಡ್ಡ ಪೇಟೆ, ಅಷ್ಟು ಜನ. ದಾಟಿಹೋಗುವ ಒಬ್ಬಿಬ್ಬರು ಅವನು ಎಡಗೈಯಲ್ಲಿ ಉಣ್ಣುವುದನ್ನು ತಿರುಗಿ ನೋಡಿದರು. ಅವನು ಗೋಡೆಯ ಕಡೆ ಸರಿದು ಕೂತ.

"ನೀ ಬಲಗೈದನ್ನೇ ತಗೋ ಮಾವ," ಎಂದೆ. "ಇವತ್ತೇ ಸಿಗುತ್ತೆ. ಇಷ್ಟು ಹಟ ಯಾಕೆ?"

"ಒಂದ್ ತಿಂಗ್ಳಲ್ಲಿ ಅಭ್ಯಾಸ ಆಯ್ತದಂತ," ಎಂದ ಅವನು, ಅನ್ನ ಕಲಸುತ್ತ. "ನಮ್ಮಪ್ಪನೂ ಅದನ್ನೇ ಅಂತಿದ್ದ." ಮಾತಿನ ಮಲ್ಲ ನಮ್ಮ ಮಾವ ಕೊಯಮತ್ತೂರಿನಿಂದ ತಾಳವಾಡಿಯವರೆಗೆ ಬಾಯಿ ಬಿಡದೆ ಬಂದದ್ದು ಅದೇ ಮೊದಲು. ಈ ಗಿಟಾರು ಸಿಗದಿದ್ದರೆ ಈ ಮನುಷ್ಯ ಆ ಗೂಟವನ್ನೇ ನೋಡುತ್ತ ಕೂತುಬಿಡುತ್ತಾನೆ ಎಂದು ನನಗೆ ಭಯವಾಯಿತು. ಮಾರನೆಯ ದಿನ ಶಾಲೆಯಿಂದಲೇ ಆ ಓಲೆಯ ಹುಡುಗನಿಗೆ ಫೋನು ಮಾಡಿ, ಎಲ್ಲಿಂದಾದರೂ ಸರಿ ಎಡಗೈಯದನ್ನು ತರಿಸು ತಂದೆ ಎಂದು ಬೇಡಿಕೊಂಡೆ.

ಹುಡುಗ ಒಳ್ಳೆಯವನು. ಬಹಳ ದಿನ ಬಿಟ್ಟು ಫೋನು ಬಂತು. ಒಂದಲ್ಲ, ಎರಡು ಬಂದಿವೆ, ನೋಡಿ ಆರಿಸಿಕೊಳ್ಳಿ ಎಂದ. ಹೊರಡುವ ಹಿಂದಿನ ಸಂಜೆ ಮಾವ ಬಂದು ಬಾಗಿಲಲ್ಲಿ ನಿಂತು, "ಕೂಸೇ, ಅಕ್ಕನ ಸೌಟ್ ಅದಲ್ಲ, ಉದ್ದ ಇಡೀದು. ಅದ ಒಂದಿನದ ಮಟ್ಗ ಕೊಟ್ಟೀಯಾ?" ಎಂದ.

"ಗಿಟಾರು ತರೋಕೆ ಸೌಟು ಯಾಕೆ ಮಾವ?"

"ಕೊಡು ಅಂದ್ರ ಕೊಡವ್ವ."

ಕೊಟ್ಟೆ. ಘಾಟಿ ಇಳಿಯುವಾಗ ಅವನ ಚೀಲದಿಂದ ಸೌಟಿನ ಹಿಡಿ ಇಣುಕುತ್ತಿತ್ತು. ಕಂಡಕ್ಟರು ಮದುವೆ ಅಡುಗೆಯವರಾ ಎಂದು ಕೇಳಿದರು. ಹೌದು ಎಂದುಬಿಟ್ಟ.

ಎರಡು ಗಿಟಾರುಗಳಲ್ಲಿ ಒಂದು ಕನ್ನಡಿಯಂತೆ ಹೊಳೆಯುತ್ತಿತ್ತು, ಮೈಮೇಲೆ ತೆಂಗಿನ ಮರ, ಚಂದ್ರನ ಚಿತ್ರ ಬೇರೆ. ಇನ್ನೊಂದು ಮಂಕು, ಸಾದಾ, ಬೂದಿ ಹಾಕಿ ಉಜ್ಜಿದ ಪಾತ್ರೆಯ ಬಣ್ಣ. ನಾನು ಹೊಳೆಯುವುದಕ್ಕೆ ಮರುಳಾದೆ. ಹುಡುಗನೂ ಅದನ್ನೇ ಹೊಗಳಿದ. ಮಾವ ಎರಡನ್ನೂ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ತೂಕ ನೋಡಿದ. ಎಡಗೈಯಿಂದ ತಂತಿ ಮೀಟಿದ. ಬದುಕಿನಲ್ಲಿ ಮೊದಲ ಸಲ ದಪ್ಪ ತಂತಿ ಮೇಲಿತ್ತು, ಸಣ್ಣದು ಕೆಳಗಿತ್ತು! ಬೆರಳುಗಳು ತಡವರಿಸಿದವು. ಸರಿಯಾದದ್ದು ಕೈಗೆ ಸಿಕ್ಕಾಗ ಅಭ್ಯಾಸ ತಪ್ಪುವುದು ನಮ್ಮ ಮಾವನಿಗೆ ಮಾತ್ರ ಸಾಧ್ಯ. ಆಮೇಲೆ ಎರಡನ್ನೂ ಬೋರಲು ಮಲಗಿಸಿ, ಚೀಲಕ್ಕೆ ಕೈಹಾಕಿ, ಸೌಟು ತೆಗೆದು, ಹೊಳೆಯುವುದರ ಬೆನ್ನಿಗೆ ಟಣ್ ಎಂದು ಬಾರಿಸಿದ.

"ಅಣ್ಣಾ!" ಎಂದು ಹುಡುಗ ಕಿರುಚಿದ. ಎಲ್ಲಿದ್ದರೋ ನಾಲ್ಕು ಜನ ಓಡಿ ಬಂದರು. ಅವರು ಬಂದು ಕೈ ಹಿಡಿಯುವುದರೊಳಗೆ ಮಾವ ಮಂಕು ಗಿಟಾರಿಗೂ ಒಂದು ಬಾರಿಸಿದ.

ಆ ಸದ್ದು ಕೇಳಿ ನಾನು ಇದ್ದ ಜಾಗದಲ್ಲೇ ನಿಂತುಬಿಟ್ಟೆ. ಅದು ಅವ್ವನ ಕೊಳಗದ ಸದ್ದು. ಪೂರ್ತಿ ಅದೇ ಅಲ್ಲ, ಆದರೆ ಅದರ ಕೊನೆ, ಬಾರಿಸಿ ಆದಮೇಲೆ ಹೊಲದ ಮೇಲೆ ಉಳಿಯುತ್ತಿತ್ತಲ್ಲ ಒಂದು ಗುಂಯ್, ಅದು ಅದೇ. ಮಾವ ಕಣ್ಣು ಮುಚ್ಚಿಕೊಂಡು ಅದು ಅಡಗುವವರೆಗೆ ಕೇಳಿದ. ಊರ ಅಡುಗೆಮನೆಗಳನ್ನೆಲ್ಲ ಸುತ್ತಿ ಅವನು ಹುಡುಕಿದ್ದು ಏನನ್ನು ಎಂದು ಆಗ ನನಗೆ ತಿಳಿಯಿತು. ಎಷ್ಟು ಮಂದಬುದ್ಧಿ ನನ್ನದು! ಅಟ್ಟದ ಮೇಲೆ ಬಚ್ಚಿಟ್ಟವಳೇ ನಾನು.

"ಇದೇ," ಎಂದ ಮಾವ. ದುಡ್ಡಿನ ಮಾತು ನೀವು ಕೇಳಬೇಡಿ, ನನಗೂ ಅವನು ಹೇಳಿಲ್ಲ. ಬರುವಾಗ ಚೆಕ್‌ಪೋಸ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿದ ಕಾವಲಿನವರು, "ಇದು ಯಾವ ಪಾತ್ರೆ? ಇದರಲ್ಲಿ ಏನು ಬೇಯಿಸ್ತೀರಾ?" ಎಂದು ಕೇಳಿದ್ದನ್ನು ಮಾತ್ರ ಈಗಲೂ ಹೇಳಿಕೊಂಡು ನಗುತ್ತಾನೆ.

ತಾಳವಾಡಿಯಲ್ಲಿ ಇಳಿದವನು ಮನೆಗೆ ಹೋಗಬೇಕೋ ಬೇಡವೋ? ನೇರವಾಗಿ ಪಾತ್ರೆ ಅಂಗಡಿಗೆ ಹೋಗಿ ಗಿಟಾರನ್ನು ಕಟ್ಟೆಯ ಮೇಲೆ ಬೋರಲು ಹಾಕಿ, "ಎಸ್ರು ಕೊರೀಬೇಕು," ಎಂದ.

ನಾನು ಬೇಡ ಮಾವ, ಹಾಳಾಗುತ್ತೆ ಎಂದು ಬಡಿದುಕೊಂಡೆ. ಸ್ಟೀಲು ಎಂದ ಮೇಲೆ ಹೆಸರಿಲ್ಲದೆ ಇರುತ್ತದಾ ಎಂದ. ಅಂಗಡಿಯವರು ಕನ್ನಡಕ ಏರಿಸಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ತಗಡು ಒಳ್ಳೇದು. ಯಾರ ಕಲ್ಯಾಣಂ?"

"ಮದ್ವ ಅಲ್ಲ."

"ಗೃಹಪ್ರವೇಶವಾ?"

"ಅಲ್ಲ."

"ಅಪ್ಪುರಂ? ಮತ್ತೇನು? ಕೊಡೋರು ಯಾರು ಅಣ್ಣೇ? ಕೊಡೋರ ಹೆಸರು ತಾನೇ ಹಾಕೋದು!"

ಮಾವ ಪಂಚೆಯ ತುದಿಯಿಂದ ಗಿಟಾರಿನ ಬೆನ್ನು ಒರೆಸತೊಡಗಿದ. ಅಷ್ಟು ಮದುವೆಗಳಿಗೆ ಅದೇ ಕಟ್ಟೆಯ ಮೇಲೆ ಕೈಯೂರಿ ತನ್ನ ಹೆಸರು ಬರೆಸಿದವನು. ನನಗೆ ತಡೆಯಲಾಗಲಿಲ್ಲ. "ನನ್ನ ಹೆಸರು ಹಾಕಿ," ಎಂದೆ.

"ಬ್ಯಾಡ," ಎಂದ ಮಾವ. "ನೀ ಎಲ್ಲಿ ಕೊಟ್ಟೆ? ಕೊಟ್ಟೋರ ಎಸ್ರೇ ಆಕ್ಬೇಕು. ಅಕ್ಕ ಅಂತ ಬರೀರಿ."

"ಅವ್ವ ಯಾವಾಗ ಕೊಟ್ಟಳು ಮಾವ ಇದನ್ನ?"

ಅವನು ಎಡಗೈಯನ್ನು ಗಿಟಾರಿನ ಬೆನ್ನ ಮೇಲೆ ಇಟ್ಟ. "ಇದನ್ನಲ್ಲ ಕಣವ್ವ. ಇದ." ಕೈಯನ್ನು ತಿರುಗಿಸಿ ತೋರಿಸಿದ. "ಉಣ್ಣಾಕ ಕುಂತಾಗೆಲ್ಲ ನಮ್ಮಪ್ಪ ಕಟ್ಟೋನಲ್ಲ, ಬಿಗ್ಯಾಗಿ. ಅಕ್ಕ ಸಾರು ಬುಡಾಕ ಬಗ್ಗೋಳು, ದಾವಣಿ ಸೆರಗ ಅಡ್ಡ ಮಾಡಿ ಗಂಟ ಬಿಚ್ಚೋಳು. ದಿನಾ. ಒಂದಿನ ಅಪ್ಪ ನೋಡ್ಬುಟ್ಟ. 'ಇನ್ನೊಂದ್ಸಲ ಬಿಚ್ಚೀಯಾ' ಅಂತ ಅವ್ಳ ಕೈ ಮೇಲೇ ಬಾರುಸ್ದ. ಮಾರನೇ ದಿನ ಕಟ್ದ. ಮಾರನೇ ದಿನವೂ ಬಿಚ್ಚುದ್ಲು." ಕೈಯನ್ನು ಮತ್ತೆ ಗಿಟಾರಿನ ಮೇಲಿಟ್ಟ. "ಈ ಕೈಯ ನಂಗ ಕೊಟ್ಟೋಳು ಅವ್ಳು. ನಾ ಬಲಗೈ ಗಿಟಾರ ತಕಂಡ್ರ ಅವ್ಳು ತಿಂದ ಏಟು ಏನಾಗ್ಬೇಕು ಕೂಸೇ?"

ಗಂಟು ಅದಕ್ಕದೇ ಬಿಚ್ಚಿಕೊಳ್ಳುತ್ತಿತ್ತು ಎಂದು ಬಿದ್ದು ಬಿದ್ದು ನಗುತ್ತಿದ್ದಳಲ್ಲ ನಮ್ಮವ್ವ! ಒಮ್ಮೆಯೂ ಬಾಯಿ ಬಿಡಲಿಲ್ಲ. ಅಂಗಡಿಯವರು ಕನ್ನಡಕ ಒರೆಸಿಕೊಂಡು ಮೆಷಿನ್ನು ಹಾಕಿದರು. ಕುತ್ತಿಗೆಯ ಕೆಳಗೆ, ಎದೆಗೆ ಒರಗುವ ಜಾಗದಲ್ಲಿ ಎರಡೇ ಅಕ್ಷರ ಕೊರೆದರು. ಮಾವನ ಮನೆಗೆ ಬಂದ, ಬೇರೆಯವರ ಹೆಸರಿನ ಮೊದಲ ಸ್ಟೀಲು ಸಾಮಾನು ಅದು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಮುದ್ದೆಗೆ ಹಿಟ್ಟು ತಿರುವಿ ಮುಗಿಸಿದ್ದೆ. ಹೊಲದ ಆಚೆಯಿಂದ ಸದ್ದು ಬಂತು. ರಾಗವಲ್ಲ, ತಾಳವಲ್ಲ, ಒಂದೇ ತಂತಿ. ಮೀಟುವುದು, ಅದು ಅಡಗುವವರೆಗೆ ಕಾಯುವುದು, ಮತ್ತೆ ಮೀಟುವುದು. ಚೆನ್ನಾಗಿದೆ ಕಣ್ಲಾ, ಯಾವಾಗ ಶುರು ಮಾಡ್ತೀಯ ಎಂದು ಕೂಗುವವರು ಈಚೆ ಯಾರೂ ಇರಲಿಲ್ಲ. ಒಂದು ಹೊಲದಷ್ಟು ದೂರ ಚೆನ್ನಾಗಿ ಕೇಳುತ್ತಿತ್ತು.

ನಾನು ಸ್ಟೂಲು ಹಾಕಿ ಅಟ್ಟದಿಂದ ಕೊಳಗ ಇಳಿಸಿದೆ. ಸೆರಗಿನಿಂದ ಧೂಳು ಒರೆಸಿದೆ. ಹಿಂಬಾಗಿಲಿಗೆ ತಂದು ಬೋರಲು ಹಿಡಿದು, ಅವ್ವನ ಸೌಟಿನಿಂದ ಬಾರಿಸಿದೆ. ಮೊದಲ ಏಟು ಸರಿಯಾಗಿ ಬೀಳಲಿಲ್ಲ. ಎರಡನೆಯದು ಸರಿಯಾಗಿ ಬಿತ್ತು.

ಆಚೆ ತಂತಿ ನಿಂತಿತು. ನಾನು ಸೌಟು ಹಿಡಿದೇ ಬದುವಿನ ಕಡೆ ನೋಡಿದೆ. ಆಮೇಲೆ ಬದುವಿನ ಮೇಲೆ ದಪದಪ ಸದ್ದು. ಗಿಟಾರನ್ನು ಎಡಹೆಗಲಿಗೆ ಏರಿಸಿಕೊಂಡು, ಬಿಸಿಲಿಗೆ ಬೆವರುತ್ತ ಬಂದು ಬಾಗಿಲಲ್ಲಿ ನಿಂತ. ಒಂದು ಕ್ಷಣ ಕೊಳಗವನ್ನು ನೋಡಿದ. ಕಣ್ಣು ಕೆಂಪಾಗಿತ್ತು. ಕೈಕಾಲನ್ನೂ ತೊಳೆಯದೆ ಕೇಳಿದ.

"ಏನ್ ಸಾರವ್ವ?"

"ಉಪ್ಪೆಸರು ಮಾವ," ಎಂದೆ. ಎರಡು ತಟ್ಟೆ ಹಾಕಿದೆ.